ನಲವತ್ತಮೂರು ಹೆಜ್ಜೆ

ಕಾತ್ಯಾಯಿನಿಗೂ ನನಗೂ ಒಂದೇ ದಿನ ಟೀಚರ್ ಕೆಲಸ ಸಿಕ್ಕಿತು. ಒಂದೇ ಪೆನ್ನಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿದೆವು, ಶಾಯಿ ಆರುವುದರೊಳಗೆ ಇಬ್ಬರ ದನಿಯೂ ಏಳು ಹೆಜ್ಜೆಗೆ ಇಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನೆಲ್ಲ ಕೇಳಿ ಅವಳೇನೋ ಹುಟ್ಟಿನಿಂದಲೇ ಬೇರೆ ಎಂದುಕೊಂಡೀರಿ. ಅಲ್ಲ. ಅವಳದೂ ಏಳೇ ಇತ್ತು. ಅವತ್ತು ಸಂಜೆ ಬಸ್ ಹೊರಟಾಗ ನಿಲ್ಲಿಸಿ ನಿಲ್ಲಿಸಿ ಎಂದು ಅವಳು ಕೂಗಿದಳು, ಡ್ರೈವರ್ ತಿರುಗಿಯೂ ನೋಡಲಿಲ್ಲ, ಇಬ್ಬರೂ ನಡೆದೇ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವಳು ನಗುತ್ತಿದ್ದಳು. ನಾನೂ ನಕ್ಕೆ. ಅವತ್ತು ನನಗೆ ಅವಳ ಮೇಲೆ ಒಂದಿಷ್ಟೂ ಹೊಟ್ಟೆಕಿಚ್ಚು ಇರಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ.

ನಮ್ಮೂರಲ್ಲಿ ಹೊಸ ಟೀಚರ್ ಎಷ್ಟೇ ಗಂಟಲು ಹರಿದುಕೊಳ್ಳಲಿ, ಏಳನೆಯ ಹೆಜ್ಜೆಯಲ್ಲಿ ಮಾತು ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಎಂಟನೆಯ ಹೆಜ್ಜೆಯಲ್ಲಿ ನಿಂತವರಿಗೆ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಆಮೇಲೆ ಪಾಠ ಮಾಡುತ್ತ ಮಾಡುತ್ತ ದನಿ ಉದ್ದವಾಗುತ್ತದೆ. ಏಳು ಹೆಜ್ಜೆಯವರಿಗೆ ಶಿಶುತರಗತಿ, ಇಪ್ಪತ್ತು ದಾಟಿದರೆ ನಡುವಿನ ತರಗತಿಗಳು, ನಲವತ್ತು ದಾಟಿದರೆ ಉದ್ದದ ಶಾಲೆ. ಅದು ಹಿಂದೆ ಹಗ್ಗ ಹೊಸೆಯುವ ಕೊಟ್ಟಿಗೆಯಾಗಿತ್ತು, ಈ ತುದಿಯಿಂದ ಆ ತುದಿಗೆ ಒಂದೇ ಕೋಣೆ, ನೂರು ಮಕ್ಕಳು. ಉದ್ದದ ಶಾಲೆಯ ಟೀಚರ್ ಅಂದರೆ ನಮ್ಮೂರಲ್ಲಿ ಮದುವೆ ಮನೆಯ ಮೊದಲ ಪಂಕ್ತಿ. ಅದಕ್ಕೂ ಮೇಲೆ ಇರುವವರು ದೊಡ್ಡ ಟೀಚರ್ ಪುಟ್ಟತಾಯಮ್ಮನವರು ಒಬ್ಬರೇ. ಅವರದು ಆರುನೂರು ಹೆಜ್ಜೆ. ಶಾಲೆಯಲ್ಲಿ ಅವರು ಹಾಜರಿ ಕರೆದರೆ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿರುವ ತಾಯಂದಿರು ತಮ್ಮ ಮಗುವಿನ ಹೆಸರು ಬಂತೇ ಎಂದು ಕೈ ತಡೆದು ನಿಲ್ಲುತ್ತಾರೆ. ಮನೆಯಲ್ಲಿ ಗಂಡನ ಜೊತೆ ಅವರು ಸ್ಲೇಟಿನಲ್ಲಿ ಬರೆದೇ ಮಾತಾಡುವುದು. ಒಮ್ಮೆ ಮರೆತು, ಪಂಚೆಯ ಹಿಂದೆ ತೂತಾಗಿದೆ ಎಂದು ಬಾಯಿಬಿಟ್ಟು ಹೇಳಿದರಂತೆ, ಪಾಪ ಆ ಮನುಷ್ಯ ಒಂದು ವಾರ ಹೊರಗೆ ಬರಲಿಲ್ಲವಂತೆ.

ಇನ್ನೊಂದು ವಿಷಯವಿದೆ. ಟೀಚರ ದನಿ ರಿಜಿಸ್ಟರಿನಲ್ಲಿ ಎಷ್ಟು ಹೆಜ್ಜೆ ಎಂದು ಬರೆದಿದೆಯೋ ಅಷ್ಟು ದೂರ ಮಾತ್ರ ಕೇಳಿಸಿಕೊಳ್ಳಬೇಕು. ಅದರಾಚೆ ನಿಂತು ಕೇಳಿಸಿಕೊಳ್ಳುವುದು ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ. ಒಳಗೆ ನಿಂತು ಕೇಳಿಸಲಿಲ್ಲ ಎನ್ನುವುದಂತೂ ಇನ್ನೂ ದೊಡ್ಡ ಅವಮಾನ. ನಮ್ಮ ಮಕ್ಕಳಿಗೆ ಇದನ್ನು ಮಾತು ಕಲಿಯುವ ಮೊದಲೇ ಕಲಿಸುತ್ತಾರೆ. ಹಾಗಾಗಿ ಮೊದಲ ವರ್ಷವೆಲ್ಲ ರಿಜಿಸ್ಟರಿನಲ್ಲಿ ಏಳೇ ಇರುತ್ತದೆ, ಏಳರಾಚೆ ಇರುವವರು ಕಿವುಡರ ಹಾಗೆ ಇರುತ್ತಾರೆ, ನಮ್ಮ ದನಿ ಬೆಳೆಯಿತೋ ಇಲ್ಲವೋ ನಮಗೇ ತಿಳಿಯುವುದಿಲ್ಲ. ವರ್ಷದ ಕೊನೆಗೆ ಅಳೆಯುವ ದಿನ ಬಂದಾಗಲೇ ಗೊತ್ತಾಗುವುದು.

ಆದರೆ ನನಗೆ ಕಾತ್ಯಾಯಿನಿಯದು ಮೊದಲೇ ಗೊತ್ತಾಯಿತು. ಆಗಸ್ಟಿನಲ್ಲಿ ಒಂದು ದಿನ ಸೀಮೆಸುಣ್ಣ ತರಲು ಹೋಗುತ್ತಿದ್ದೆ, ಅವಳ ತರಗತಿಯ ಕಿಟಕಿಯಿಂದ ಕಡಿಮೆಯೆಂದರೂ ಹದಿನೈದು ಹೆಜ್ಜೆ ದೂರದಲ್ಲಿದ್ದೆ, ಅವಳು ಮಕ್ಕಳಿಗೆ ಕಪ್ಪೆಯ ಕಾಲಿನ ಬಗ್ಗೆ ಹೇಳುತ್ತಿದ್ದದ್ದು ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು. ಎರಡೇ ತಿಂಗಳಿಗೆ ಹದಿನೈದು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಾಯಿಲೆ. ಚಪ್ಪಲಿಯ ಪಟ್ಟಿ ಸರಿಮಾಡುವ ನೆಪ, ಕೂದಲು ಒಣಗಿಸುವ ನೆಪ, ಏನೂ ನೆಪವಿಲ್ಲದೆಯೂ, ದಿನಾ ಹೋಗಿ ನಿಲ್ಲುತ್ತಿದ್ದೆ. ಸೆಪ್ಟೆಂಬರಿನಲ್ಲಿ ನಲ್ಲಿಯ ಹತ್ತಿರ. ಡಿಸೆಂಬರಿನಲ್ಲಿ ನುಗ್ಗೆಮರದ ಹತ್ತಿರ. ಫೆಬ್ರುವರಿಯಲ್ಲಿ ಶಾಲೆಯ ಗೇಟು ದಾಟಿ ಕತ್ತಾಳೆ ನಾರು ಒಣಗಿಸುವ ಕಟ್ಟೆಯ ಹತ್ತಿರ ನಿಂತೆ, ಎಪ್ಪತ್ತು ಹೆಜ್ಜೆ, ಅಲ್ಲೂ ಕೇಳಿಸಿತು. ಅವಳು ಕೂಗುತ್ತಿರಲಿಲ್ಲ, ಅದೇ ನನ್ನ ಸಂಕಟ. ಕೂಗಿದ್ದರೆ ಕೂಗುಮಾರಿ ಎಂದಾದರೂ ಅಂದುಕೊಳ್ಳಬಹುದಿತ್ತು. ಬಾಯಲ್ಲಿ ಕಡಲೆ ಹಾಕಿಕೊಂಡೇ ಪಾಠ ಮಾಡುವವಳು, ಸೀಮೆಸುಣ್ಣ ಮರೆತು ಬರುವವಳು, ಪಾಠದ ಮಧ್ಯೆ ಕಿಟಕಿಯಾಚೆ ಹೋಗುವ ಹಂದಿಯನ್ನು ನೋಡಿ ಮಕ್ಕಳಿಗೂ ತೋರಿಸುವವಳು. ನಾನು ಹಿಂದಿನ ದಿನವೇ ಮೂರು ಬಣ್ಣದಲ್ಲಿ ಪಾಠದ ತಯಾರಿ ಬರೆದುಕೊಳ್ಳುವವಳು. ಬೆಲ್ಲ, ಮೆಣಸು, ಜೇನುತುಪ್ಪ, ಯಾರು ಏನು ಹೇಳಿದರೋ ಎಲ್ಲ ಕುಡಿದೆ. ಅವಳ ಹಾಗೆ ಪ್ರಶ್ನೆಯಿಂದ ಪಾಠ ಶುರುಮಾಡಿ ನೋಡಿದೆ. ಒಂದು ದಿನ, ಹೇಳಲು ನಾಚಿಕೆಯಾಗುತ್ತದೆ, ಕಡಲೆಯನ್ನೂ ಬಾಯಿಗೆ ಹಾಕಿಕೊಂಡು ನೋಡಿದೆ. ಕೆಮ್ಮು ಬಂತು.

ಆ ವರ್ಷ ಉದ್ದದ ಶಾಲೆಯಲ್ಲಿ ಒಂದೇ ಜಾಗ ಖಾಲಿಯಿತ್ತು. ನಮ್ಮಿಬ್ಬರಲ್ಲಿ ಯಾರ ದನಿ ಉದ್ದವೋ ಅವರಿಗೆ. ಇನ್ನೊಬ್ಬರು ಕೆರೆಯಾಚೆಯ ಶಾಲೆಗೆ. ಅಲ್ಲಿ ಕಟ್ಟಡವೇ ಇಲ್ಲ, ಬಯಲಿನಲ್ಲಿ ಪಾಠ, ಅಲ್ಲಿಗೆ ಹೋದವರು ಅಲ್ಲೇ ಮುದುಕರಾಗುತ್ತಾರೆ ಎಂದು ಹೇಳುತ್ತಾರೆ. ಅಮ್ಮ ಆಗಲೇ ಹಗ್ಗದಂಗಡಿಯವರಿಗೆಲ್ಲ ನಮ್ಮ ವನಮಾಲಳಿಗೇ ಉದ್ದದ ಶಾಲೆ ಎಂದು ಹೇಳಿಕೊಂಡು ಬಂದಿದ್ದಳು.

ಅಳೆಯುವುದು ಹೀಗೆ. ಒಂದೇ ದಿನ ಸಹಿ ಹಾಕಿದವರೇ ಒಬ್ಬರನ್ನೊಬ್ಬರು ಅಳೆಯಬೇಕು. ಹಗ್ಗದ ಮೈದಾನದಲ್ಲಿ ಒಂದು ಗೂಟ, ಅದಕ್ಕೆ ಹೆಜ್ಜೆಗೊಂದು ಗಂಟು ಹಾಕಿದ ಉದ್ದನೆಯ ಹಗ್ಗ. ಓದುವವರು ಗೂಟದ ಹತ್ತಿರ ನಿಂತು ಮೂರನೆಯ ತರಗತಿಯ ಇರುವೆಯ ಪಾಠ ಓದುತ್ತಾರೆ. ಅಳೆಯುವವರು ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗಬೇಕು, ಏಕೆಂದರೆ ಪಾಠ ಓದುವವರಿಗೆ ಬೆನ್ನು ತೋರಿಸುವಂತಿಲ್ಲ. ದನಿ ನಿಂತ ಕಡೆ ಕೈಯೆತ್ತಬೇಕು. ಉಳಿದವರೆಲ್ಲ ಗೂಟದ ಹಿಂದೆಯೇ ನಿಲ್ಲುವುದರಿಂದ ಅಳೆದವರ ಮಾತೇ ಮಾತು. ಸುಳ್ಳಾಗಿ ಅಳೆದರೆಂದು ಎಂದಾದರೂ ಗೊತ್ತಾದರೆ ಅಳೆದವರ ಲೆಕ್ಕ ಏಳಕ್ಕೆ ಇಳಿಯುತ್ತದೆ, ಮತ್ತೆ ಶಿಶುತರಗತಿ. ಇದನ್ನು ಪುಟ್ಟತಾಯಮ್ಮನವರು ಪ್ರತಿ ಸಲ ಓದಿ ಹೇಳುತ್ತಾರೆ, ಪೇಟೆಗೆಲ್ಲ ಕೇಳಿಸುತ್ತದೆ.

ಮೊದಲು ನಾನು ಓದಿದೆ. ಕಾತ್ಯಾಯಿನಿ ಹಗ್ಗ ಹಿಡಿದು ನನ್ನ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ಹೋದಳು. ಇಪ್ಪತ್ತು ದಾಟಿದಳು. ಮೂವತ್ತು ದಾಟಿದಳು. ನನಗೆ ಓದುವುದೇ ತಪ್ಪಿಹೋಗುತ್ತಿತ್ತು, ಖುಷಿಗೆ. ಅವಳು ಕೈಯೆತ್ತಿದ್ದು ನಲವತ್ತಮೂರನೆಯ ಗಂಟಿನ ಹತ್ತಿರ. ಪುಟ್ಟತಾಯಮ್ಮನವರು ನಲವತ್ತಮೂರು ಎಂದರು. ದೂರದಲ್ಲಿ ಹಗ್ಗದಂಗಡಿಗಳ ಕಡೆ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು, ಅಮ್ಮನೇ ಇರಬೇಕು.

ಆಮೇಲೆ ಅವಳ ಸರದಿ. ಹಗ್ಗ ನನ್ನ ಕೈಗೆ ಬಂತು. ಇರುವೆಗಳು ಸಾಲಾಗಿ ಹೋಗುತ್ತವೆ ಎಂದು ಅವಳು ಶುರುಮಾಡಿದಳು, ನಾನು ಹಿಂದೆ ಹೆಜ್ಜೆಯಿಡತೊಡಗಿದೆ. ನಿಜ ಹೇಳುತ್ತೇನೆ, ಹೊರಡುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಮೂವತ್ತಕ್ಕೆ ಬಂದಾಗ, ನಲವತ್ತಮೂರು ನನ್ನ ಸ್ವಂತದ್ದು, ಒಂದು ವರ್ಷ ಮೆಣಸಿನ ಕಷಾಯ ಕುಡಿದು ಸಂಪಾದಿಸಿದ್ದು ಎಂದು ನೆನಪಾಯಿತು. ಮೂವತ್ತೈದಕ್ಕೆ ಬಂದಾಗ ಅವಳ ಕಡಲೆ ನೆನಪಾಯಿತು. ನಲವತ್ತೆರಡನೆಯ ಗಂಟು ಬೆರಳಿಗೆ ಸಿಕ್ಕಿತು. ಮುಂದಿನ ಇರುವೆ ನಿಂತರೆ ಹಿಂದಿನದೂ ನಿಲ್ಲುತ್ತದೆ ಎಂದು ಅವಳು ಓದಿದ್ದು, ಉಸಿರು ತೆಗೆದುಕೊಂಡದ್ದೂ ಸೇರಿ, ಸ್ಪಷ್ಟವಾಗಿ ಕೇಳಿಸಿತು. ಕೈಯೆತ್ತಿಬಿಟ್ಟೆ.

ಅವಳು ಓದು ನಿಲ್ಲಿಸಿದಳು. ಪುಸ್ತಕ ಮಡಚಿ ಪುಟ್ಟತಾಯಮ್ಮನವರ ಕಡೆ ತಿರುಗಿ, ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ ಕೇಳಿದಳು.

"ಇಷ್ಟೇನಾ ಮೇಡಂ?"

ಅದೂ ನನಗೆ ಕೇಳಿಸಿತು. ಕೇಳಿಸದವಳ ಮುಖ ಮಾಡಿಕೊಂಡು ನಿಂತೆ. ಇಷ್ಟೇ ಕಣಮ್ಮ, ನಲವತ್ತೆರಡು ಎಂದು ಪುಟ್ಟತಾಯಮ್ಮನವರು ಅಂದದ್ದು ಇಡೀ ಊರಿಗೆ ಕೇಳಿಸಿತು.

ಉದ್ದದ ಶಾಲೆಯ ಮೊದಲ ತಿಂಗಳನ್ನು ನಾನು ಹೇಗೆ ವರ್ಣಿಸಲಿ. ಬಾಗಿಲಲ್ಲಿ ನಿಂತರೆ ಎದುರಿಗೆ ಸಾಲು ಸಾಲು ತಲೆ, ಕೊನೆಯ ಸಾಲು ಸುಣ್ಣದ ಗೋಡೆಗೆ ಅಂಟಿದ ಹಾಗೆ. ನಾನು ಮಾತಾಡಿದರೆ ನೂರು ತಲೆಯೂ ಆಡುತ್ತಿದ್ದವು. ಕೊನೆಯ ಸಾಲಿನವರಂತೂ ಎಲ್ಲರಿಗಿಂತ ಹೆಚ್ಚು. ಬಸ್ಸು ನಿಲ್ಲುತ್ತಿತ್ತು, ನಾನು ಕೈಯೆತ್ತುವ ಮೊದಲೇ. ಪೇಟೆಯಲ್ಲಿ ದೂರದಿಂದ ನಮಸ್ಕಾರ ಎಂದರೆ ಜನ ನಿಂತು ನಮಸ್ಕಾರ ಹೇಳಿ ಹೋಗುತ್ತಿದ್ದರು. ಕಾತ್ಯಾಯಿನಿಯ ಸುದ್ದಿಯೂ ಬರುತ್ತಿತ್ತು. ಕೆರೆಯಾಚೆ ಬಯಲು ದೊಡ್ಡದು, ಮಕ್ಕಳು ನೆರಳು ಸಿಕ್ಕ ಕಡೆ ಕೂರುತ್ತಾರೆ, ನಲವತ್ತೆರಡು ಹೆಜ್ಜೆಯಾಚೆ ಕೂತವರು ಮರ್ಯಾದೆಯಿಂದ ಕೆರೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಾರೆ, ಅವಳು ಈ ಕಡೆಯವರಿಗೆ ಒಂದು ಸಲ, ನಡೆದು ಹೋಗಿ ಆ ಕಡೆಯವರಿಗೆ ಒಂದು ಸಲ, ಒಂದೇ ಪಾಠವನ್ನು ಎರಡೆರಡು ಸಲ ಮಾಡುತ್ತಾಳಂತೆ. ಕೇಳಿ ನನಗೆ ಅಯ್ಯೋ ಅನಿಸಬೇಕಿತ್ತು. ಎರಡು ಸಲ ಮಾಡಿದರೆ ದನಿ ಎರಡರಷ್ಟು ಬೆಳೆಯುವುದಿಲ್ಲ ತಾನೇ ಎಂದು ಯೋಚಿಸಿದೆ.

ಎರಡನೆಯ ತಿಂಗಳು ಉಕ್ತಲೇಖನ ಕೊಟ್ಟೆ. ನದಿಯ ಬಗ್ಗೆ ಹತ್ತು ವಾಕ್ಯ. ಪುಸ್ತಕಗಳನ್ನು ಮನೆಗೆ ತಂದು ನೋಡಿದರೆ ಮುಂದಿನ ಸಾಲುಗಳಲ್ಲಿ ನದಿ ಇತ್ತು, ನಡುವಿನಿಂದಾಚೆ ನದಿ ಇಲ್ಲ. ಒಬ್ಬ ತನ್ನ ಅಜ್ಜಿಯ ಮಂಡಿನೋವಿನ ಬಗ್ಗೆ ಹತ್ತು ವಾಕ್ಯ ಬರೆದಿದ್ದ. ಇನ್ನೊಬ್ಬಳು ಮನೆಗೆ ತರಬೇಕಾದ ಸಾಮಾನು ಬರೆದು ಕೊನೆಗೆ ಅಂದವಾಗಿ ಪೂರ್ಣವಿರಾಮ ಹಾಕಿದ್ದಳು. ಎಲ್ಲವೂ ದುಂಡಾದ ಅಕ್ಷರ, ಎಲ್ಲವೂ ಸರಿಯಾಗಿ ಹತ್ತೇ ವಾಕ್ಯ. ಮರುದಿನ ಆ ಸಾಮಾನಿನ ಹುಡುಗಿ ಮುದ್ದಮ್ಮನನ್ನು ಕರೆದು, ನಾನು ಹೇಳಿದ್ದು ನಿನಗೆ ಕೇಳಿಸಲಿಲ್ಲವೇ ಎಂದು ಕೇಳಿದೆ.

"ಕೇಳ್ತು ಮಿಸ್. ಚೆನ್ನಾಗೇ ಕೇಳ್ತು," ಎಂದಳು.

"ಏನ್ ಹೇಳ್ದೆ ಹಾಗಾದ್ರೆ?"

ಅವಳು ನನ್ನ ಸೆರಗನ್ನು ನೋಡಿದಳು. "ಒಳ್ಳೆ ಮಾತೇ ಹೇಳಿದ್ರಿ ಮಿಸ್," ಎಂದಳು.

ಸಂಜೆ ಮನೆಯ ಹಿಂದಿನ ಬಯಲಿನ ಕೊನೆಯಲ್ಲಿ ಅಮ್ಮ ನಾರು ಬಿಡಿಸುತ್ತ ಕೂತಿದ್ದಳು. ನಲವತ್ತು ಹೆಜ್ಜೆ ಎಣಿಸಿ ನಿಂತೆ. ಅಮ್ಮ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದೆ. ಅಮ್ಮ ನನ್ನ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದಳು, ನಗುತ್ತ ನಾರು ಬಿಡಿಸುತ್ತಲೇ ಇದ್ದಳು. ಒಂದು ಹೆಜ್ಜೆ ಮುಂದೆ ಹೋಗಿ ಅದನ್ನೇ ಹೇಳಿದೆ. ತಲೆಯಾಡಿಸಿದಳು. ಹೀಗೆ ಹಾಲು ಉಕ್ಕುತ್ತಿದೆ, ಹಾಲು ಉಕ್ಕುತ್ತಿದೆ ಎನ್ನುತ್ತ ಹತ್ತಿರ ಹೋದೆ. ಇಪ್ಪತ್ತಾರನೆಯ ಹೆಜ್ಜೆಯಲ್ಲಿ ಅಮ್ಮ ನಾರನ್ನು ಬಿಸುಟು ಅಡುಗೆಮನೆಗೆ ಓಡಿದಳು.

ಇಪ್ಪತ್ತಾರು. ನನ್ನದು ಇಪ್ಪತ್ತಾರು. ಅದಕ್ಕಿಂತ ಹೆಚ್ಚಾಗಿ ಉರಿದದ್ದು ಬೇರೆ. ಅವಳು, ಆ ಕಾತ್ಯಾಯಿನಿ, ನನಗೆ ಹದಿನೇಳು ಹೆಜ್ಜೆ ಭಿಕ್ಷೆ ಹಾಕಿದ್ದಾಳೆ. ಪಾಪ ವನಮಾಲ ಎಂದುಕೊಂಡು, ಕೇಳಿಸದಿದ್ದರೂ ಹಿಂದೆ ಹಿಂದೆ ನಡೆದಿದ್ದಾಳೆ. ನಾನು ಕದ್ದೆ, ಅದು ನನ್ನ ಪಾಪ, ಇರಲಿ. ಆದರೆ ಅವಳು ದಾನಶೂರೆಯಾಗಿ ಮೇಲೆ ಕೂರುವುದು ಯಾವ ನ್ಯಾಯ. ಸಂತೆಯ ದಿನ ಉದ್ದದ ಶಾಲೆಗೆ ರಜೆ, ಕೆರೆಯಾಚೆಯ ಶಾಲೆಗೆ ಇಲ್ಲ. ಕೆರೆಯ ಏರಿ ಹಿಡಿದು ಹೊರಟೆ, ಮುಖಕ್ಕೆ ಹೊಡೆದ ಹಾಗೆ ಕೇಳಬೇಕೆಂದು.

ಅವಳು ಊಟದ ಹೊತ್ತಿಗೆ ಒಂದು ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿ ಒಡೆದಿತ್ತು. ನನ್ನನ್ನು ನೋಡಿ ಡಬ್ಬಿಯ ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಹಾಕಿ ಮುಂದಿಟ್ಟಳು. ನಾನು ಕೂರದೆ, ಅವತ್ತು ನನ್ನನ್ನು ಅಳೆದಾಗ ನಿಜವಾಗಿ ಎಲ್ಲಿಯವರೆಗೆ ಕೇಳಿಸಿತ್ತು ಎಂದು ಕೇಳಿದೆ. ಅವಳು ಯೋಚಿಸಿದಳು, ನಾಟಕವಲ್ಲ, ನಿಜವಾಗಿಯೇ ಯೋಚಿಸಿದಳು.

"ಒಂದ್ ಮಾತ್ ಹೇಳ್ತೀನಿ ವನೂ, ಬೈಬೇಡ. ನಾನು ನಿನ್ನ ತುಟಿನೇ ನೋಡ್ತಾ ಹೋದೆ ಕಣೇ. ಆ ಪಾಠ ಬೇರೆ ನಂಗೆ ಬಾಯಿಗೆ ಬರುತ್ತೆ. ನೀನ್ ಓದ್ತಿರೋದು ಕಿವಿಗೆ ಬೀಳ್ತಿದ್ಯೋ, ನನ್ ತಲೇಲೇ ಓಡ್ತಿದ್ಯೋ ಗೊತ್ತೇ ಆಗ್ಲಿಲ್ಲ. ತುಟಿ ಕಾಣೋದು ನಿಂತಾಗ ಕೈಯೆತ್ತಿದೆ." ಆಮೇಲೆ ಗಾಬರಿಯಾದವಳ ಹಾಗೆ ತಲೆಯೆತ್ತಿದಳು. "ಯಾಕೆ? ಸರಿಯಾಗೇ ಇತ್ತಲ್ವಾ, ನಲವತ್ಮೂರು?"

"ಸರಿಯಾಗೇ ಇತ್ತು," ಎಂದೆ.

"ಸದ್ಯ. ನಂದು ನಲವತ್ತೆರಡು ಅಂದಾಗ ನಂಗ್ ನಂಬ್ಕೆನೇ ಬರ್ಲಿಲ್ಲ ಗೊತ್ತಾ. ಇನ್ನೂ ಇದೆ ಅನ್ಸ್ತಿತ್ತು. ಆಮೇಲೆ ಅಂದ್ಕೊಂಡೆ, ಕೇಳಿಸ್ಕೊಂಡೋಳು ವನೂ ತಾನೆ, ಅವಳಿಗಿಂತ ನಂಗ್ ಗೊತ್ತಾ."

ಮುಚ್ಚಳದ ಚಿತ್ರಾನ್ನ ಮುಟ್ಟದೆ ಅಲ್ಲೇ ಬಿಟ್ಟೆ. ಇವಳ ತಪ್ಪು ಕೂಡ ನನ್ನ ತಪ್ಪಿಗಿಂತ ಚೆನ್ನಾಗಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಕನಿಕರಪಟ್ಟಿದ್ದರೆ ಅವಳನ್ನು ದ್ವೇಷಿಸಬಹುದಿತ್ತು. ಅವಳು ಬರೀ ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡಿದ್ದಳು. ಹೋಗಿ ಬರುತ್ತೇನೆ ಎಂದೆ. ಅವಳು ಕೈತೊಳೆದು ಗಂಟೆ ಬಾರಿಸಿದಳು.

ಏರಿಯ ಕಡೆ ನಡೆದೆ. ಹಿಂದೆ ಅವಳ ಮಗ್ಗಿಯ ಪಾಠ ಶುರುವಾಯಿತು. ಹತ್ತಿರದ ಹೊಂಗೆ ಮರಗಳ ಕೆಳಗಿನ ಮಕ್ಕಳು ಅವಳ ಕಡೆ ಮುಖ ಮಾಡಿ ಕೂತಿದ್ದರು. ನಲವತ್ತೆರಡರಾಚೆ ಬಂಡೆಯ ನೆರಳಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು ಕೆರೆಯ ಕಡೆ ತಿರುಗಿ, ಕಲ್ಲಾಟ ಆಡುತ್ತ, ತಮ್ಮ ಸರದಿಗೆ ಕಾಯುತ್ತಿದ್ದರು. ಎಷ್ಟು ಒಳ್ಳೆಯ ಮಕ್ಕಳು ಎಂದರೆ ಒಂದು ಕಿವಿಯೂ ಅತ್ತ ಹೊರಳಿರಲಿಲ್ಲ. ನಾನು ಅವರನ್ನೂ ದಾಟಿದೆ. ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದೆ. ಎಪ್ಪತ್ತೊಂದು. ಇನ್ನೂ ಕೇಳಿಸುತ್ತಿತ್ತು, ಮಗ್ಗುಲಲ್ಲಿ ಕೂತು ಹೇಳಿದ ಹಾಗೆ.

"ಹನ್ನೆರಡ್ ಎಂಟ್ಲಿ ಎಷ್ಟು?" ಎಂದು ಅವಳು ಕೇಳಿದಳು. ಮುಂದಿನವರು ಯಾರೂ ಬಾಯಿಬಿಡಲಿಲ್ಲ. ಅವಳು ಕಾದಳು. ಕಾಯುವುದರಲ್ಲೂ ಅವಳದೇ ಒಂದು ಚೆಂದವಿದೆ, ಹಾಳಾದ್ದು.

ರಿಜಿಸ್ಟರಿನಾಚೆ ನಿಂತು ಟೀಚರ ಪ್ರಶ್ನೆಗೆ ಉತ್ತರ ಕೊಟ್ಟರೆ ಕೇಳಿಸಿತು ಎಂದು ಸಾಕ್ಷಿ ಹೇಳಿದ ಹಾಗೆ. ಉತ್ತರ ಕೊಟ್ಟವಳು ಅಳೆದವಳೇ ಆಗಿದ್ದರೆ ಬೇರೆ ವಿಚಾರಣೆಯೇ ಬೇಕಿಲ್ಲ. ಉದ್ದದ ಶಾಲೆ ಕಣ್ಣಮುಂದೆ ಬಂತು, ನಿಲ್ಲುವ ಬಸ್ಸು ಬಂತು, ಅಂಗಡಿ ಅಂಗಡಿಗೆ ಹೇಳಿಕೊಂಡು ಬಂದ ಅಮ್ಮ ಬಂದಳು. ಕೇಳಿಸದೆ ತಲೆಯಾಡಿಸುವ ಮುದ್ದಮ್ಮನೂ ಬಂದಳು, ಕೇಳಿಸಿದರೂ ಬೆನ್ನು ತಿರುಗಿಸಿ ಕೂತ ಈ ಮಕ್ಕಳು ಎದುರಿಗೇ ಇದ್ದರು.

"ತೊಂಬತ್ತಾರು," ಎಂದೆ.

ನನ್ನದು ಇಪ್ಪತ್ತಾರೇ ಹೆಜ್ಜೆಯಲ್ಲವೇ, ಅವಳಿಗೆ ಹೇಗೆ ಮುಟ್ಟೀತು. ಆದರೆ ಬಂಡೆಯ ನೆರಳಿನ ಮಕ್ಕಳಿಗೆ ಮುಟ್ಟಿತು. ಎಲ್ಲರೂ ಕಲ್ಲು ಕೆಳಗಿಟ್ಟು ನನ್ನ ಕಡೆ ತಿರುಗಿದರು, ಏನೋ ಕೆಟ್ಟ ಮಾತು ಕೇಳಿದವರ ಹಾಗೆ. ನಾನು ಇನ್ನೊಂದು ಸಲ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತು ಕಾತ್ಯಾಯಿನಿಯ ಕಡೆ ತಿರುಗಿ ತೊಂಬತ್ತಾರು ಮಿಸ್ ಎಂದಿತು, ಅದರ ಹಿಂದೆ ಇಪ್ಪತ್ತು ಗಂಟಲು ಒಟ್ಟಿಗೇ ತೊಂಬತ್ತಾರು ತೊಂಬತ್ತಾರು ಎಂದು ಕೂಗಿದವು. ಮಕ್ಕಳ ದನಿಗೆ ಯಾವ ರಿಜಿಸ್ಟರೂ ಇಲ್ಲ, ಕೆರೆಯ ಮೇಲಿನ ಹಕ್ಕಿಗಳೆಲ್ಲ ಎದ್ದವು.

ಕಾತ್ಯಾಯಿನಿ ಮಕ್ಕಳ ತಲೆಗಳ ಮೇಲಿನಿಂದ ನೋಡಿದಳು, ಆಮೇಲೆ ಅವರಾಚೆ ಏರಿಯ ಮೇಲೆ ನಿಂತ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಏನಿತ್ತೋ ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಬೈದಿದ್ದರೆ ಕೇಳಿಸುತ್ತಿತ್ತು, ಬೈಯಲಿಲ್ಲ.

"ಹದಿಮೂರ್ ಎಂಟ್ಲಿ?" ಎಂದಳು, ದನಿ ಒಂದು ಕೂದಲೆಳೆಯಷ್ಟೂ ಏರಿಸದೆ.

ಈ ಸಲ ಬಂಡೆಯ ನೆರಳಿನಲ್ಲೇ ನಾಲ್ಕೈದು ಕೈಗಳು ಎದ್ದವು. ನಾನು ಅವಳ ಕಡೆಗೇ ಮುಖವಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟೆ. ಎಪ್ಪತ್ತೆರಡು. ಕೇಳಿಸಿತು. ಇನ್ನೊಂದು ಇಟ್ಟೆ. ಏರಿಯ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕ, ಇವಳೇನು ಹಿಂದೆ ಹಿಂದೆ ಬರುತ್ತಿದ್ದಾಳೆ ಎಂದು ದಾರಿ ಬಿಟ್ಟು ನಿಂತ. ನಾನು ಗಟ್ಟಿಯಾಗಿ ಎಣಿಸತೊಡಗಿದೆ, ಸಾಕ್ಷಿಗೆ ಅವನಾದರೂ ಇರಲೆಂದು. ಎಂಬತ್ತು. ಎಂಬತ್ತೊಂದು. ಎಂಬತ್ತೆರಡು. ಸುಡುಗಾಡು ದನಿ, ನಿಲ್ಲುತ್ತಲೇ ಇರಲಿಲ್ಲ.